ಹಸಿರು ಬಟ್ಟೆ ಕಟ್ಟುತ್ತಿದ್ದವರು

ಹೋದ ವಾರ ನಮ್ಮ ಶಾಲೆಯ ಸ್ಟಾಫ್ ರೂಮಿಗೆ ಒಂದು ಕರಪತ್ರ ಬಂತು. ನುಣುಪಾದ ಕಾಗದ, ಮೇಲೆ ಕಪ್ಪು ದ್ರಾಕ್ಷಿಯ ಗೊಂಚಲು, ಅದರ ಹಿಂದೆ ಹಲ್ಲು ಬಿಟ್ಟುಕೊಂಡು ಓಡುತ್ತಿರುವ ನಾಲ್ಕು ಜನ. “ದ್ರಾಕ್ಷಿ ದಾರಿಯ ಓಟ, ಎರಡನೇ ವರ್ಷ. ಕಾಗಿಣಾ ತೀರದ ರಮಣೀಯ ಹಾದಿಗಳು. ಇದುವರೆಗೆ ಯಾರೂ ಕಾಣದಿದ್ದ ಇವನ್ನು ನಮ್ಮ ತಂಡ ಹುಡುಕಿ ತೆಗೆದಿದೆ.” ಓದಿ ಮೈಯೆಲ್ಲ ಉರಿದುಹೋಯಿತು. ಹುಡುಕಿ ತೆಗೆದರಂತೆ! ಹನ್ನೊಂದು ವರ್ಷ ದಿನಾ ಬೆಳಗ್ಗೆ ಸುತ್ತಿಗೆ ಹಿಡಿದು ಆ ಹಾದಿಗಳನ್ನು ನಡೆದ ಮನುಷ್ಯ ಮಣ್ಣಿಗೆ ಹೋಗಿ ಇನ್ನೂ ಆರು ತಿಂಗಳಾಗಿಲ್ಲ. ಕರಪತ್ರ ತಂದ ಹುಡುಗಿ ನನ್ನ ಮುಖ ನೋಡಿ ಹೆದರಿ ಎರಡು ಹೆಜ್ಜೆ ಹಿಂದೆ ಸರಿದಳು. ಪಾಪ, ಅವಳದೇನೂ ತಪ್ಪಿಲ್ಲ.

ಆ ಮನುಷ್ಯನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಯಾಕೆಂದು ಕೊನೆಯಲ್ಲಿ ಹೇಳುತ್ತೇನೆ. ನಾವೆಲ್ಲ ಅವರನ್ನು ಚಾಚಾ ಎನ್ನುತ್ತಿದ್ದೆವು. ವಾಡಿ ಜಂಕ್ಷನ್ನಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ರೈಲ್ವೆ ಕೀಮ್ಯಾನ್ ಆಗಿದ್ದವರು. ಕೀಮ್ಯಾನ್ ಅಂದರೆ ದಿನಾ ತನ್ನ ಪಾಲಿನ ಹಳಿಯ ಉದ್ದಕ್ಕೂ ನಡೆದು, ಸಡಿಲಾದ ಬೆಣೆಗಳನ್ನು ಸುತ್ತಿಗೆಯಿಂದ ಬಡಿದು ಕೂರಿಸಿ, ಇವತ್ತು ಗಾಡಿ ಬರಬಹುದು ಎಂದು ಖಾತ್ರಿ ಮಾಡಿಕೊಳ್ಳುವವನು. ಹೋಗುವಾಗ ಒಂದು ಹಳಿ, ಬರುವಾಗ ಇನ್ನೊಂದು ಹಳಿ. ನಿವೃತ್ತಿಯಾಗಿ ಶಹಾಬಾದಿನ ಪಕ್ಕದ ಭಂಕೂರಕ್ಕೆ, ಹೆಂಡತಿಯ ಊರಿಗೆ ಬಂದು ನೆಲೆಸಿದರು. ಎರಡು ಆಡು ಕಟ್ಟಿಕೊಂಡರು. ಆದರೆ ಬೆಳಗ್ಗೆ ನಾಲ್ಕೂವರೆಗೆ ಎದ್ದು ನಡೆಯುವ ಕಾಲನ್ನು ಯಾವ ಆಡೂ ಕಟ್ಟಿಹಾಕಲು ಆಗಲಿಲ್ಲ.

ನನಗೆ ಅವರು ಸಿಕ್ಕಿದ್ದು ಬೈಗುಳದ ಜೊತೆಗೇ. ನಲವತ್ತೆರಡನೇ ವಯಸ್ಸಿಗೆ ಡಾಕ್ಟರು ಸಕ್ಕರೆ ಕಾಯಿಲೆ ಎಂದಿದ್ದರು. ನಡೆದರೆ ಸಾಲದೆಂದು ಶಹಾಬಾದ್–ಭಂಕೂರ ರಸ್ತೆಯಲ್ಲಿ ಓಡಲು ಶುರುಮಾಡಿದ್ದೆ. ಚೂಡಿದಾರ ಹಾಕಿಕೊಂಡು ಓಡುವ ಮಾಸ್ತರಣಿಯನ್ನು ನೋಡಲು ಚಹಾದಂಗಡಿಯ ಮುಂದೆ ಒಂದು ಗುಂಪೇ ನಿಲ್ಲುತ್ತಿತ್ತು. ಒಂದು ಬೆಳಗ್ಗೆ ಕಲ್ಲು ತುಂಬಿದ ಲಾರಿಯೊಂದು ನನ್ನ ದುಪಟ್ಟಾ ಹಾರುವಷ್ಟು ಹತ್ತಿರ ಹಾದುಹೋಯಿತು. ಅದರ ಧೂಳು ಇಳಿದಾಗ ಎದುರಿಗೆ ಸೈಕಲ್ ಅಡ್ಡ ನಿಲ್ಲಿಸಿಕೊಂಡು ಬಡಕಲು ಮನುಷ್ಯರೊಬ್ಬರು ನಿಂತಿದ್ದರು. ಮಾಸಿದ ಖಾಕಿ ಅಂಗಿ, ಬಿಳಿ ಗಡ್ಡ.

“ಅಕ್ಕೋರ, ಮನ್ಯಾಗ ಜಗಳ ಆಗ್ಯಾದೇನ್ರಿ?”

“ಯಾಕ್ರಿ?”

“ಮತ್ತ ಲಾರಿ ಮುಂದ ಬಂದು ಬೀಳ್ಲಿಕತ್ತೀರಲ್ಲ, ಅದಕ್ಕ ಕೇಳ್ದೆ.”

ನನಗೆ ನಗು ಬರಲಿಲ್ಲ, ಅವರಿಗೂ ಬರಲಿಲ್ಲ. ಸೈಕಲ್ ತಳ್ಳಿಕೊಂಡು ಮುಂದೆ ನಡೆದರು. ರಸ್ತೆಯಿಂದ ಇಳಿದು, ಜಾಲಿಗಿಡಗಳ ಸಂದಿಯಲ್ಲಿ ಹಾದು, ತೊಗರಿ ಹೊಲದ ಬದುವಿಗೆ ಕರೆದುಕೊಂಡು ಹೋಗಿ ನಿಲ್ಲಿಸಿದರು. ಮುಂದೆ ಕಾಲು ಹಾದಿ. ಎರಡೂ ಕಡೆ ತೊಗರಿ ಹೂ ಬಿಟ್ಟು ಹಳದಿಯಾಗಿತ್ತು. ದೂರದಲ್ಲಿ ಕಾಗಿಣಾ ನದಿಯ ನೀರು, ಅದರ ಮೇಲೆ ಬೆಳ್ಳಕ್ಕಿಗಳು. ಹತ್ತು ವರ್ಷದಿಂದ ಶಹಾಬಾದಿನಲ್ಲಿ ಇದ್ದೂ ನಾನು ಆ ಜಾಗ ಕಂಡಿರಲಿಲ್ಲ. ಕಲ್ಲಿನ ಪುಡಿ, ಸಿಮೆಂಟಿನ ಬೂದಿ, ಇಷ್ಟೇ ನಮ್ಮ ಸೀಮೆ ಎಂದುಕೊಂಡಿದ್ದೆ.

“ಇಲ್ಲಿ ಓಡ್ರಿ. ಸಾಯೋದಿತ್ತಂದ್ರ ರೋಡಿಗೆ ಹೋಗ್ರಿ,” ಎಂದು ಹೇಳಿ ಸೈಕಲ್ ಹತ್ತಿದರು.

ಆಮೇಲೆ ತಿಳಿಯಿತು, ಅಂಥ ಹಾದಿಗಳನ್ನು ಅವರು ಐದು ಮಾಡಿದ್ದರು. ಪೊಲೀಸ್ ಪರೀಕ್ಷೆಗೆ, ಮಿಲಿಟರಿ ಭರ್ತಿಗೆ ತಯಾರಾಗುವ ಸುತ್ತಲಿನ ಹುಡುಗ ಹುಡುಗಿಯರು ಟ್ಯಾಂಕರುಗಳ ನಡುವೆ ಓಡುವುದನ್ನು ನೋಡಲಾರದೆ ಮಾಡಿದ್ದು. ನದಿಗೆ ಇಳಿಯುವ ಹಾದಿಗೆ ಮೇನ್ ಲೈನ್ ಎನ್ನುತ್ತಿದ್ದರು. ಹೊರಗಿನಿಂದ ಬಂದ ಯಾರೋ ವೈನಿಗೆಂದು ಹಾಕಿದ ದ್ರಾಕ್ಷಿ ತೋಟವನ್ನು ಸುತ್ತಿ ಬರುವುದು ಲೂಪ್ ಲೈನ್. ಪಾಳುಬಿದ್ದ ಕಲ್ಲುಗಣಿಯ ಅಂಚಿನಲ್ಲಿ ಹೋಗುವುದು ಖಣಿ ಲೈನ್. ಉಳಿದೆರಡು ವಾಡಿಯ ದಿಕ್ಕಿಗೆ ಹೊಲಗಳ ನಡುವೆ. ಪಾಲಿಶ್ ಕಾರ್ಖಾನೆಯವರು ಬಿಸಾಡಿದ ಶಹಾಬಾದ್ ಕಲ್ಲಿನ ತುಂಡುಗಳನ್ನು ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿಕೊಂಡು ತಂದು, ರೈಲ್ವೆಯವರು ನೆಡುವ ಹಾಗೆ ಅಳತೆ ಪ್ರಕಾರ ನೆಟ್ಟು, ಸುಣ್ಣ ಬಳಿದು ನಂಬರ್ ಬರೆದಿದ್ದರು. ನೋಡಲು ಚೆಂದವಿರುವ ಕಡೆಗಳಲ್ಲಿ ಮಾತ್ರ ಕಲ್ಲನ್ನು ಅಡ್ಡ ಹಾಕಿದ್ದರು, ಕೂರಲಿಕ್ಕೆ. ಓಡುತ್ತಲೇ ನದಿ ನೋಡುತ್ತ ಎಡವಿದರೆ ಅವರ ಬಾಯಿಗೆ ಸಿಕ್ಕಂತೆಯೇ ಲೆಕ್ಕ. “ನೋಡೋದಿತ್ತಂದ್ರ ಕುಂದ್ರಿ, ನೋಡ್ರಿ. ಓಡೋದಿತ್ತಂದ್ರ ಕಾಲಾಗ ನೋಡ್ರಿ. ಎರಡೂ ಕೂಡಿ ಮಾಡ್ಲಿಕ್ಕ ನೀವೇನು ಹಕ್ಕಿ ಏನ್ರಿ?”

ದ್ರಾಕ್ಷಿ ತೋಟದ ಬೇಲಿ ಪಕ್ಕ ಹೋಗುವಾಗ ನಾನೊಮ್ಮೆ ಕೆಣಕಿದ್ದೆ, “ಚಾಚಾ, ಇದು ವೈನ್ ಆಗುವ ದ್ರಾಕ್ಷಿ. ಇದರ ನೆರಳಿನಲ್ಲಿ ನಡೆದರೆ ನಿಮಗೆ ನಡೆಯುತ್ತದಾ?” ಅವರು ಬೇಲಿಯಿಂದ ಹೊರಗೆ ಚಾಚಿದ್ದ ಗೊಂಚಲಿನಿಂದ ಒಂದು ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡರು. “ಹಣ್ಣಿನ ತನಕ ನಂದು. ಮುಂದಿಂದು ಅವರ ಹಣೆಬರಹ.”

ಅವರಿಗೆ ಬರುತ್ತಿದ್ದ ಸಿಟ್ಟಿಗೆ ಹೊತ್ತುಗೊತ್ತು ಇರಲಿಲ್ಲ. ಬೂಟಿನ ಲೇಸು ಬಿಚ್ಚಿದ್ದರೆ ಸಿಟ್ಟು. ಕಿವಿಯಲ್ಲಿ ಹಾಡು ತುರುಕಿಕೊಂಡು ಓಡಿದರೆ ಸಿಟ್ಟು. ಬಿಸ್ಕತ್ತಿನ ಹಾಳೆ ಬಿಸಾಡಿದ ಹುಡುಗನನ್ನು ಅದೇ ಹಾಳೆ ಎತ್ತಿಕೊಂಡು ಅವನ ಮನೆಯವರೆಗೆ ಹಿಂಬಾಲಿಸಿ, ಅವನ ತಾಯಿಯ ಕೈಗೆ ಕೊಟ್ಟು ಬಂದಿದ್ದರು. ತೆಂಗಳಿಯಲ್ಲಿ ತಂಗಿಯ ಮಗಳ ಮದುವೆಗೆ ಹೋದವರು ಬೆಳಗ್ಗೆ ಕಾಣೆಯಾಗಿ, ನಿಕಾಹ್ ಹೊತ್ತಿಗೆ ಮೊಣಕಾಲುವರೆಗೆ ಕರಿಮಣ್ಣು ಮೆತ್ತಿಕೊಂಡು ಬಂದರಂತೆ. ಅಲ್ಲಿ ಹಳ್ಳದ ದಂಡೆಗೆ ಒಂದು ಒಳ್ಳೆ ಹಾದಿ ಇದೆ, ಊರವರು ಅದನ್ನು ಹಾಳುಗೆಡವಿದ್ದಾರೆ ಎಂದು ಬೀಗರ ಮೇಲೆ ರೇಗಾಡಿದರೆಂದು ಅವರ ಹೆಂಡತಿ, ನಮ್ಮೆಲ್ಲರ ಚಾಚಿ, ಹೇಳಿ ಹೇಳಿ ನಗುತ್ತಿದ್ದರು. ಒಮ್ಮೆ ನಾವು ಏಳೆಂಟು ಜನ ಚಿಂಚೋಳಿಯ ಕಾಡಿನಲ್ಲಿ ಓಡೋಣವೆಂದು ಜೀಪು ಮಾಡಿಕೊಂಡು ಹೋದೆವು. ಚಾಚಾನನ್ನೂ ಕರೆದೊಯ್ದದ್ದೇ ತಪ್ಪಾಯಿತು. ಗೊತ್ತಿಲ್ಲದ ದಾರಿ, ತಾನು ಮೊದಲು ನಡೆಯದೆ ಯಾರನ್ನೂ ಬಿಡುವುದಿಲ್ಲ ಎಂದು ಹಟ ಹಿಡಿದರು. ಹೋಗುವಾಗ ಒಂದು ಅಂಚು, ಬರುವಾಗ ಇನ್ನೊಂದು ಅಂಚು. ಅವರು ಮುಗಿಸಿ ಬಂದು “ಈಗ ಓಡ್ರಿ” ಎನ್ನುವಾಗ ಹನ್ನೊಂದು ಗಂಟೆಯ ಬಿಸಿಲು ನೆತ್ತಿ ಸುಡುತ್ತಿತ್ತು. ಅವಲಕ್ಕಿ ತಿಂದು ವಾಪಸ್ ಬಂದೆವು.

ಅವರು ಮಾತ್ರ ಎಂದೂ ಓಡುತ್ತಿರಲಿಲ್ಲ. ಕೇಳಿದರೆ, “ಕೀಮ್ಯಾನ್ ಓಡ್ಲಿಕತ್ತಾನಂದ್ರ ಲೈನ್ ಮ್ಯಾಲ ಏನೋ ಆಗ್ಯಾದ ಅಂತ ತಿಳೀರಿ,” ಎನ್ನುತ್ತಿದ್ದರು. ಒಂದೇ ಒಂದು ದಿನ ಬಿಟ್ಟರೆ ನಾನು ಅವರು ಓಡಿದ್ದನ್ನು ನೋಡಿಲ್ಲ.

ಅವರ ಪದ್ಧತಿ ಹೀಗಿತ್ತು. ಬೆಳಗಿನ ಜಾವ ಒಂದೋ ಎರಡೋ ಹಾದಿಯನ್ನು ಪೂರ್ತಿ ನಡೆಯುವುದು. ಹಾದಿಯಲ್ಲಿ ಸಿಗುವ ಕಲ್ಲುಹಾಸಿನ ಮೇಲೆ ಸುತ್ತಿಗೆಯಿಂದ ಬಡಿದು ಕೇಳುವುದು. ಟಣ್ ಎಂದರೆ ಗಟ್ಟಿ. ಡಬ್ ಎಂದರೆ ಅಡಿಯ ಮಣ್ಣು ಕೊಚ್ಚಿಹೋಗಿ ಕಲ್ಲು ಗಾಳಿಯಲ್ಲಿ ನಿಂತಿದೆ ಎಂದು ಅರ್ಥ. ಎಲ್ಲ ಸರಿಯಿದ್ದರೆ ಹಾದಿಯ ಮೊದಲ ಕಲ್ಲಿಗೆ ಹಸಿರು ಬಟ್ಟೆಯ ತುಂಡು ಕಟ್ಟುವುದು. ಚಾಚಿಯ ಹಳೆಯ ಹಸಿರು ಪರದೆಯನ್ನು ಕತ್ತರಿಸಿ ಮಾಡಿದ ತುಂಡುಗಳು. ಸಂಜೆ ಆಡು ಹೊಡೆದುಕೊಂಡು ಬರುವಾಗ ಬಿಚ್ಚಿಕೊಂಡು ಹೋಗುವುದು. ಹಸಿರು ಕಂಡರೆ ಓಡಬಹುದು. ಕಾಣದಿದ್ದರೆ ಆ ಹಾದಿ ಇವತ್ತು ಬಂದ್.

ನಾನೊಮ್ಮೆ ಕೇಳಿದ್ದೆ, ಬಂದ್ ಇದ್ದ ದಿನ ಕೆಂಪು ಬಟ್ಟೆ ಕಟ್ಟಿದರೆ ಸುಲಭವಲ್ಲವೇ ಎಂದು. ಅವರಿಗೆ ನನ್ನ ದಡ್ಡತನ ಸಹಿಸಲಾಗಲಿಲ್ಲ. “ಕೆಂಪು ಗಾಳಿಗೆ ಹಾರಿ ಹೋಯ್ತಂದ್ರ? ಆಡು ತಿಂತಂದ್ರ? ನಾನ ಸತ್ತೆ ಅಂದ್ರ? ರೈಲ್ವೇದಾಗ ಸಿಗ್ನಲ್ ಕಾಣ್ಲಿಲ್ಲಂದ್ರ ಅದು ಕೆಂಪೇ ಅಂತ ತಿಳ್ಕೋತಾರ ಅಕ್ಕೋರ. ಇಷ್ಟೂ ಗೊತ್ತಿಲ್ಲದ ಸಾಲಿ ಹ್ಯಾಂಗ ಕಲಿಸ್ತೀರಿ?” ಎಂದರು. ಹುಡುಗ ಹುಡುಗಿಯರಿಗೆ ಈ ಪಾಠ ರಕ್ತಕ್ಕೇ ಇಳಿದಿತ್ತು. ಓಡುವ ಮೊದಲು ಯಾರೂ ಮೋಡ ನೋಡುತ್ತಿರಲಿಲ್ಲ, ಗಡಿಯಾರ ನೋಡುತ್ತಿರಲಿಲ್ಲ, ಕಲ್ಲು ನೋಡುತ್ತಿದ್ದರು.

ಇನ್ನು ನನ್ನ ತಪ್ಪಿನ ಮಾತು. ಹೋದ ವರ್ಷ ಮಳೆಗಾಲದ ಕೊನೆಗೆ ಒಬ್ಬ ಸಂಘಟಕ ನಮ್ಮ ಶಾಲೆಗೆ ಬಂದ. ಕಲಬುರಗಿಯವನು, ಓಟದ ಕಾರ್ಯಕ್ರಮ ಮಾಡಿಸುವುದೇ ಅವನ ಕಸುಬು. ದ್ರಾಕ್ಷಿ ತೋಟದವರು ಖರ್ಚು ಹಾಕುತ್ತಾರೆ, ದೊಡ್ಡ ದೊಡ್ಡ ಊರುಗಳಿಂದ ಜನ ಬರುತ್ತಾರೆ, ನಿಮ್ಮ ಸೀಮೆಯ ಸೊಬಗು ನಾಲ್ಕು ಜನಕ್ಕೆ ತಿಳಿಯುತ್ತದೆ ಎಂದ. ನಾನು ಉಬ್ಬಿಹೋದೆ. ನಮ್ಮ ಸೀಮೆಗೂ ಸೊಬಗಿದೆ ಎಂದು ಹೊರಗಿನವನೊಬ್ಬ ಹೇಳಿದ್ದು ಅದೇ ಮೊದಲು. ಸಂಜೆ ಚಾಚಾನನ್ನು ಕೇಳಿದೆ. “ಓಡ್ಲಿ ಬಿಡ್ರಿ, ದಾರಿ ಯಾರ ಅಪ್ಪಂದೂ ಅಲ್ಲ. ಖರೇ, ನಾನು ನಡದ ಮ್ಯಾಲ,” ಎಂದರು. ಮರುದಿನ ಎರಡು ತಾಸು ಕುಳಿತು, ಬಣ್ಣದ ಪೆನ್ಸಿಲ್ಲಿನಿಂದ ಐದೂ ಹಾದಿಗಳ ನಕ್ಷೆ ಬರೆದುಕೊಟ್ಟೆ. ಕಲ್ಲುಗಳು ಎಲ್ಲೆಲ್ಲಿವೆ ಎಂದು ಗುರುತು ಹಾಕಿದೆ. ಹಸಿರು ಬಟ್ಟೆಯ ಮಾತು ಮಾತ್ರ ಹೇಳಲಿಲ್ಲ. ಮರೆತದ್ದಲ್ಲ. ಅದನ್ನು ಹೇಳಬೇಕೆಂದೇ ಹೊಳೆಯಲಿಲ್ಲ. ನಮಗೆಲ್ಲ ಅದು ಅಷ್ಟು ಸಹಜವಾಗಿಹೋಗಿತ್ತು. ಇದನ್ನು ನೆನೆದಾಗಲೆಲ್ಲ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ದೀಪಾವಳಿಯ ಹೊತ್ತಿಗೆ ಚಾಚಾ ಚಿಕುನ್‌ಗುನ್ಯಾ ಹಿಡಿದು ಮಲಗಿದರು. ಕೈಕಾಲಿನ ಗಂಟುಗಳೆಲ್ಲ ಬಾತು, ಲೋಟ ಹಿಡಿಯಲೂ ಆಗುತ್ತಿರಲಿಲ್ಲ. ಐದೂ ಹಾದಿ ಬಂದ್ ಆದವು. ಖಣಿ ಲೈನ್ ಅಂತೂ ಮಳೆಗಾಲ ಶುರುವಾದಾಗಿನಿಂದ ಬಂದ್ ಇತ್ತು. ಗಣಿಯ ಅಂಚಿನ ಕಲ್ಲುಗಳು ಡಬ್ ಎನ್ನುತ್ತಿದ್ದವು. ಹುಡುಗಿಯರು ಶಾಲೆಯ ಮೈದಾನದಲ್ಲಿ ಸುತ್ತು ಹೊಡೆಯುತ್ತ, ಚಾಚಾ ಏಳುವುದನ್ನು ಕಾಯುತ್ತಿದ್ದರು.

ಕಾಯುತ್ತಿದ್ದವರಲ್ಲಿ ಅಂಬಿಕಾ ಒಬ್ಬಳು. ಭಂಕೂರದವಳು, ನನ್ನ ಹಳೆಯ ವಿದ್ಯಾರ್ಥಿನಿ. ಅಪ್ಪ ಕಲ್ಲು ಕೊಯ್ಯುವ ಕೆಲಸಕ್ಕೆ ಹೋಗುತ್ತಾರೆ. ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಯ ಲಿಖಿತ ಪರೀಕ್ಷೆಯಲ್ಲಿ ಪಾಸಾಗಿದ್ದಳು. ದೈಹಿಕ ಪರೀಕ್ಷೆಗೆ ಹದಿನೆಂಟು ದಿನ ಉಳಿದಿತ್ತು. ಅದೊಂದು ದಾಟಿದರೆ ಅವಳ ಮೈಮೇಲೆ ಖಾಕಿ ಬರುತ್ತಿತ್ತು. ಅವಳನ್ನು ಚಾಚಾ ಬೈದಷ್ಟು ಬೇರೆ ಯಾರನ್ನೂ ಬೈದಿಲ್ಲ, ಅಂದರೆ ಅಷ್ಟು ಆಸೆ ಇಟ್ಟಿದ್ದರು.

ಓಟದ ಕಾರ್ಯಕ್ರಮಕ್ಕೆ ವಾರ ಇರುವಾಗ ಸಂಘಟಕನ ಜನ ಬಂದು, ನನ್ನ ನಕ್ಷೆ ಹಿಡಿದುಕೊಂಡು, ಮೋಟಾರ್ ಸೈಕಲ್ ಮೇಲೆ ಒಂದೇ ಸಂಜೆಯಲ್ಲಿ ಐದೂ ಹಾದಿ ತಿರುಗಿದರು. ಪ್ರತಿ ಕಲ್ಲಿಗೂ ರಿಬ್ಬನ್ ಕಟ್ಟಿದರು, ಅಂದಕ್ಕೆ. ತೋಟದ ಬಣ್ಣವೆಂದು ಹಸಿರು ರಿಬ್ಬನ್ ಕಟ್ಟಿದರು.

ಮರುದಿನ ಬೆಳಗ್ಗೆ ಅಂಬಿಕಾ ಮೈದಾನಕ್ಕೆ ಹೊರಟವಳು ಖಣಿ ಲೈನಿನ ಮೊದಲ ಕಲ್ಲಿನ ಮೇಲೆ ಹಸಿರು ಕಂಡಳು. ಆ ಹಾದಿಯಲ್ಲಿ ಏರು ಇದೆ, ಕಾಲಿಗೆ ಒಳ್ಳೆಯದು. ನಾಲ್ಕು ತಿಂಗಳಿಂದ ಬಂದ್ ಇದ್ದದ್ದು ಇವತ್ತು ತೆರೆದಿದೆ. ಅವಳು ಒಂದು ಗಳಿಗೆಯೂ ಯೋಚಿಸಲಿಲ್ಲ. ಯೋಚಿಸಬಾರದು ಎಂದೇ ತಾನೇ ನಾವೆಲ್ಲ ಕಲಿತದ್ದು? ಗಣಿಯ ತಿರುವಿನಲ್ಲಿ ಅಂಚಿನ ಕಲ್ಲು ಅವಳನ್ನು ಹೊತ್ತುಕೊಂಡೇ ಕೆಳಗೆ ಮಗುಚಿತು. ಆಳದ ನೀರಿಗೆ ಬೀಳಲಿಲ್ಲ, ಕಲ್ಲು ಕೊಯ್ದು ನಡುವೆ ಉಳಿದಿದ್ದ ಒಂದು ಮೆಟ್ಟಿಲಿಗೆ ಸಿಕ್ಕಿಕೊಂಡಳು. ಪಾದದ ಮೇಲಿನ ಎಲುಬು ಎರಡು ಕಡೆ ಮುರಿದಿತ್ತು.

ಅವಳ ಅಪ್ಪ ಫೋನ್ ಮಾಡಿದಾಗ ನಾನು ಸ್ಕೂಟಿ ಹತ್ತಿ ಹೊರಟೆ. ಭಂಕೂರ ದಾಟುವಾಗ ಮುಂದೆ ಒಬ್ಬರು ಓಡುತ್ತಿರುವುದು ಕಂಡಿತು. ಬರಿಗಾಲು, ಲುಂಗಿ, ಬನಿಯನ್. ಒಂದೊಂದು ಹೆಜ್ಜೆಗೂ ಮೈ ಒಂದು ಪಕ್ಕಕ್ಕೆ ವಾಲುತ್ತಿತ್ತು. ಗಾಡಿ ನಿಲ್ಲಿಸಿ, “ಚಾಚಾ, ಹತ್ರಿ” ಎಂದು ಕೂಗಿದೆ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಹಾಗೇ ಓಡಿದರು.

ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ ಅಂಬಿಕಾಳ ಪಕ್ಕ ನಿಂತು ಅವರು ಸಮಾಧಾನದ ಒಂದು ಮಾತೂ ಆಡಲಿಲ್ಲ. “ಕಣ್ಣಿಲ್ಲೇನು ನಿನಗ? ನನ್ನ ಬಟ್ಟಿ ಯಾವುದು, ಆ ಹೊಳಿಯೋ ರಿಬ್ಬನ್ ಯಾವುದು, ಗೊತ್ತಾಗಲಿಲ್ಲೇನು?”

ಅಂಬಿಕಾ ಅಳುತ್ತ ಹೇಳಿದಳು, “ನೀವು ಆರಾಮಾಗೀರಿ ಅಂತ ಖುಷಿ ಆತು ಚಾಚಾ. ಹೊಸಾ ಬಟ್ಟಿ ತಂದು ಕಟ್ಟೀರಿ ಅಂದ್ಕೊಂಡೆ.”

ಚಾಚಾ ಗೋಡೆಯ ಕಡೆ ತಿರುಗಿಕೊಂಡರು.

ಮರುದಿನದಿಂದ ಮೂರು ದಿನ, ಜ್ವರದಲ್ಲೇ, ಕುಂಟುತ್ತ, ಐದೂ ಹಾದಿಗಳ ಎಲ್ಲ ರಿಬ್ಬನ್ ಒಂದೊಂದಾಗಿ ಕತ್ತರಿಸಿ ಗೋಣಿಚೀಲಕ್ಕೆ ತುಂಬಿದರು. ನನ್ನ ಸ್ಕೂಟಿ ಮೇಲೆ ಕೂತು ತೋಟದ ಆಫೀಸಿಗೆ ಬಂದು ಸಂಘಟಕನ ಮೇಜಿನ ಮೇಲೆ ಚೀಲ ಸುರಿದರು.

“ಇದನ್ನ ಕಟ್ಟಿದಾವ ದಾರಿ ನಡದಾನೇನು?”

ಸಂಘಟಕನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ಅಜ್ಜಾರ, ಅದು ಡೆಕೋರೇಶನ್ ಅದರೀ. ಆ ಹುಡುಗಿದು ಆಗಿದ್ದಕ್ಕ ನಮಗೂ ಬ್ಯಾಸರ ಅದ. ಖಣಿ ಕಡೀದು ಈ ವರ್ಷ ಕ್ಯಾನ್ಸಲ್ ಮಾಡೀವಿ,” ಎಂದ. ಆಮೇಲೆ ಡಬ್ಬಿ ತೆರೆದು ಒಂದು ಟೀ ಶರ್ಟ್ ತೆಗೆದು ಅವರ ಕಡೆ ಚಾಚಿದ. ಹಸಿರು ಟೀ ಶರ್ಟ್. ಚಾಚಾನ ಬಾಯಲ್ಲಿ ಬೈಗುಳವೇ ಬರಲಿಲ್ಲ. ಅವರ ಪಾಲಿನ ಬೈಗುಳವನ್ನು ನಾನೇ ಬೈದೆ. ಆಫೀಸಿನ ಹುಡುಗರೆಲ್ಲ ಬಾಗಿಲಿಗೆ ಬಂದು ನಿಲ್ಲುವಷ್ಟು ಬೈದೆ. ಏನು ಪ್ರಯೋಜನ? ಓಟ ನಡೆಯಿತು, ಫೋಟೋ ಬಂದವು, ಜ್ಯೂಸ್ ಕುಡಿದರು, ಹೋದರು. ದೈಹಿಕ ಪರೀಕ್ಷೆಯ ದಿನ ಅಂಬಿಕಾ ಮನೆಯಲ್ಲಿ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಮಲಗಿದ್ದಳು.

ಚಾಚಾ ಮತ್ತೆ ನಡೆದರು. ಸಂಕ್ರಾಂತಿಯ ಹೊತ್ತಿಗೆ ನದಿ ಹಾದಿಗೆ ಪರದೆಯ ತುಂಡು ಮತ್ತೆ ಬಂತು. ಆದರೆ ಅವರು ಬೈಯುವುದು ಕಡಿಮೆಯಾಯಿತು. ಲೇಸು ಬಿಚ್ಚಿದ್ದರೆ ಬಗ್ಗಿ ತಾವೇ ಕಟ್ಟುತ್ತಿದ್ದರು. ಅದು ನನಗೆ ಸಹಿಸಲು ಆಗುತ್ತಿರಲಿಲ್ಲ. ಮೇ ತಿಂಗಳ ಒಂದು ಬೆಳಗ್ಗೆ ಏಳಲೇ ಇಲ್ಲ. ಹೃದಯ, ಎಂದರು ಡಾಕ್ಟರು. ಆ ಜ್ವರಕ್ಕೂ ಅವತ್ತು ಓಡಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದರು. ಇರಬಹುದು. ನನ್ನ ಸಿಟ್ಟಿಗೆ ಡಾಕ್ಟರ ಸರ್ಟಿಫಿಕೇಟ್ ಬೇಕಾಗಿಲ್ಲ.

ಕರಪತ್ರ ಬಂದ ಮರುದಿನ ಸಂಘಟಕನೇ ಶಾಲೆಗೆ ಬಂದ. ಈ ಸಲ ಐದೂ ಹಾದಿಗಳಂತೆ. ಖಣಿ ಬಿಡಿ ಎಂದೆ. “ಮೇಡಂ, ಆ ಹಸಿರು ನೀರು, ಆ ಕಲ್ಲಿನ ಗ್ವಾಡಿ, ಫೋಟೋಕ್ಕ ಅಲ್ಲೇ ಭಾಳ ಚಂದ ಬರ್ತದ. ಹಗ್ಗ ಕಟ್ಟತೀವಿ,” ಎಂದ. ರಿಬ್ಬನ್ ಬಣ್ಣವನ್ನಾದರೂ ಬದಲಿಸಿ ಎಂದೆ. ಆಗಲೇ ತರಿಸಿಯಾಗಿದೆ ಎಂದ. ಆಮೇಲೆ ಮುಖ ಸಣ್ಣದು ಮಾಡಿಕೊಂಡು ಹೇಳಿದ: “ಅಜ್ಜಾರು ಹೋದ್ರಂತ ಕೇಳ್ದೆ. ಈ ವರ್ಷದ ಓಟ ಅವರ ನೆನಪಿನ್ಯಾಗ ಮಾಡೋಣ ಅಂತ ಅದ. ದೊಡ್ಡ ಬ್ಯಾನರ್ ಹಾಕ್ಸತೀವಿ. ಅವರ ಪೂರ್ತಿ ಹೆಸರೇನ್ರಿ ಮೇಡಂ?”

ನಾನು ಬೀರು ತೆರೆದು ಸುತ್ತಿಗೆ ತೆಗೆದೆ. ಮಣ್ಣು ಮುಗಿಸಿ ಬಂದ ದಿನ ಚಾಚಿ ನನ್ನ ಕೈಗಿಟ್ಟದ್ದು, ಉಳಿದ ಪರದೆಯ ತುಂಡುಗಳ ಜೊತೆಗೆ. ಈಗ ನದಿ ಹಾದಿಯೊಂದನ್ನು ಮಾತ್ರ ನಾನೂ ಅಂಬಿಕಾಳೂ ನಡೆಯುತ್ತೇವೆ. ಅವಳು ಇನ್ನೂ ಕುಂಟುತ್ತಾಳೆ, ಆದ್ದರಿಂದ ಒಂದು ಅಂಚು ಅವಳಿಗೆ, ಒಂದು ಅಂಚು ನನಗೆ. ಉಳಿದ ನಾಲ್ಕರಲ್ಲಿ ಹಸಿರಿಲ್ಲ. ಓಟದ ದಿನ ಖಣಿ ಹಾದಿಯ ಬಾಯಿಗೆ ನಾವಿಬ್ಬರೂ ಅಡ್ಡ ನಿಲ್ಲುವವರೇ, ಅದು ಬೇರೆ ಮಾತು.

ಸುತ್ತಿಗೆಯನ್ನು ಸಂಘಟಕನ ಮುಂದೆ ಇಟ್ಟು ಹೇಳಿದೆ: “ಇದನ್ನ ಹಿಡ್ಕೊಂಡು ಐದೂ ದಾರಿ ನಡೀರಿ. ಹೋಗೂವಾಗ ಒಂದು ಅಂಚು, ಬರೂವಾಗ ಇನ್ನೊಂದು ಅಂಚು. ನಡದು ಬಂದು ಕೇಳ್ರಿ, ಹೆಸರು ಹೇಳ್ತೀನಿ.”

ಅವನು ನಕ್ಕ. ನಾಳೆ ಬರ್ತೀನಿ ಮೇಡಂ ಎಂದು ಹೋದ. ಇವತ್ತಿಗೆ ಆರು ದಿನವಾಯಿತು. ಇಲ್ಲಿ ಬರೆದರೆ ಆ ಹೆಸರು ಒಂದು ಹೆಜ್ಜೆಯೂ ನಡೆಯದೆ ಅವನ ಬ್ಯಾನರಿಗೆ ಸಿಕ್ಕಿಬಿಡುತ್ತದೆ, ಅದಕ್ಕೇ ಬರೆದಿಲ್ಲ. ಸುತ್ತಿಗೆ ಸ್ಟಾಫ್ ರೂಮಿನ ಮೇಜಿನ ಮೇಲೆ ಹಾಗೇ ಇದೆ.